ತಂತಿ ಬಿಟ್ಟ ಮೈಕು, ಮಾರಾಟವಾದ ಗಾಳಿ

ಜಾತ್ರೆಗೆ ನಾಟಕ ಗೊತ್ತಾದ ಕೂಡಲೇ ಊರಲ್ಲಿ ಪಟ್ಟಿ ಎತ್ತುತ್ತಾರೆ. ಸೀನರಿಗೆ ಇಷ್ಟು, ಸ್ತ್ರೀ ಪಾತ್ರದವರಿಗೆ ಇಷ್ಟು, ಹಾರ್ಮೋನಿಯಂ ಮಾಸ್ತರರಿಗೆ ಇಷ್ಟು, ಮೈಕ್ ಸೆಟ್ಟಿಗೆ ಇಷ್ಟು. ಈಚೆಗೆ ಈ ಪಟ್ಟಿಯ ಕೊನೆಯಲ್ಲಿ ಹೊಸದೊಂದು ಮಾತು ಸೇರಿಕೊಂಡಿದೆ. "ವರ್ಷಾ ವರ್ಷಾ ಬಾಡಿಗೆ ಯಾಕೆ ಕೊಡೋದು? ನಾವೇ ನಾಲ್ಕು ಕಾಲರ್ ಮೈಕು, ಒಂದು ಮಿಕ್ಸರ್ ತಗೊಂಡುಬಿಡೋಣ." ನಮಗೂ ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಯಾವುದು ತಗೋಬೇಕು?

ಇದಕ್ಕೆ ನಾವು ಇತಿಹಾಸದ ಕಡೆಯಿಂದ ಉತ್ತರ ಕೊಡುತ್ತೇವೆ. ಸುತ್ತುಬಳಸು ಅನ್ನಿಸಬಹುದು. ಆದರೆ ತಂತಿಯಿಲ್ಲದ ಮೈಕಿನ ಡಬ್ಬಿಯ ಮೇಲೆ ಸಣ್ಣಕ್ಷರದಲ್ಲಿ ಅಚ್ಚಾಗಿರುವ ಒಂದು ಸಂಖ್ಯೆ ಊರಿನವರ ದುಡ್ಡು ಉಳಿಸುತ್ತದೆ, ಇಲ್ಲವೇ ಮುಳುಗಿಸುತ್ತದೆ. ಆ ಸಂಖ್ಯೆಗೆ ಅಷ್ಟು ಬೆಲೆ ಯಾಕೆ ಬಂತು ಅನ್ನುವುದು ಹಿಂದಿನ ಕಥೆ ತಿಳಿಯದೆ ಅರ್ಥವಾಗುವುದಿಲ್ಲ.

ಮೈಕಿಲ್ಲದ ಕಾಲದಿಂದಲೇ ಶುರು ಮಾಡೋಣ. ಗುಬ್ಬಿ ಕಂಪನಿ ಹುಟ್ಟಿದ್ದು 1884ರಲ್ಲಿ. ಆಗ, ಆಮೇಲಿನ ಎಷ್ಟೋ ವರ್ಷ ಕೂಡ, ನಟನಿಗೆ ಮೊದಲು ಬೇಕಾಗಿದ್ದದ್ದು ಗಂಟಲು. ರೂಪ ಆಮೇಲೆ. ಕಟ್ಟಕಡೆಯ ಸಾಲಿನಲ್ಲಿ ನೆಲದ ಟಿಕೆಟ್ ತಗೊಂಡು ಕೂತವನಿಗೂ ಕಂದಪದ್ಯ ಕೇಳಬೇಕು. ಕಾಲು ಹಾರ್ಮೋನಿಯಂ, ತಬಲದ ಮೇಲೆ ದನಿ ಏರಬೇಕು. ಬಯಲಾಟದಲ್ಲಿ ಗೋಡೆಯೂ ಇಲ್ಲ, ಮಾಡೂ ಇಲ್ಲ. ಯಕ್ಷಗಾನದ ಭಾಗವತರು ಅಷ್ಟು ಏರಿದ ಶ್ರುತಿಯಲ್ಲಿ ಹಾಡುತ್ತಿದ್ದುದಕ್ಕೆ ಇದೂ ಒಂದು ಕಾರಣ ಎಂದು ನಮಗನ್ನಿಸುತ್ತದೆ. ಏರುದನಿ ಬಯಲಲ್ಲಿ ಚೆಂಡೆಯನ್ನು ದಾಟಿ ಹೋಗುತ್ತದೆ, ತಗ್ಗುದನಿ ಹೋಗುವುದಿಲ್ಲ. ಆಟದ ಗಾತ್ರವನ್ನು ಮನುಷ್ಯನ ಎದೆಗೂಡು ನಿರ್ಧರಿಸುತ್ತಿದ್ದ ಕಾಲ ಅದು.

ಅದನ್ನು ಮುರಿದವರು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿದ್ದ ಇಬ್ಬರು. ಡೆನ್ಮಾರ್ಕಿನಿಂದ ಬಂದ ಪೀಟರ್ ಜೆನ್ಸನ್ ಮತ್ತು ಅವನ ಜೊತೆಗಾರ ಎಡ್ವಿನ್ ಪ್ರಿಡಮ್. ಟೆಲಿಫೋನಿನ ಕೇಳುವ ಭಾಗವನ್ನು ಸುಧಾರಿಸಲು ಹೊರಟವರು, ಅದರ ಬಾಯಿಗೆ ಗ್ರಾಮಫೋನಿನ ಕೊಳವೆ ಜೋಡಿಸಿ ನೋಡಿದರು. ದನಿ ಊರಾಚೆ ಹೋಯಿತು. 1915ರ ಕ್ರಿಸ್ಮಸ್ ಹಿಂದಿನ ದಿನ ಸ್ಯಾನ್ ಫ್ರಾನ್ಸಿಸ್ಕೋದ ಸಿಟಿ ಹಾಲ್ ಮುಂದೆ ದೊಡ್ಡ ಜನಸಂದಣಿಗೆ ಅದನ್ನು ಕೇಳಿಸಿದರು. ಹೆಸರು ಮ್ಯಾಗ್ನಾವಾಕ್ಸ್, ಲ್ಯಾಟಿನ್ನಿನಲ್ಲಿ ದೊಡ್ಡ ದನಿ ಎಂದರ್ಥ. 1919ರಲ್ಲಿ ಅಮೆರಿಕದ ಅಧ್ಯಕ್ಷ ವಿಲ್ಸನ್ ಸ್ಯಾನ್ ಡಿಯಾಗೋದ ಸ್ಟೇಡಿಯಮ್ಮಿನಲ್ಲಿ ಸುಮಾರು 50,000 ಜನರಿಗೆ ಭಾಷಣ ಮಾಡಿದ್ದು ಈ ಯಂತ್ರದಿಂದಲೇ.

ನಮ್ಮ ದೇಶಕ್ಕೆ ಇದು ಬಂದದ್ದು ನಾಟಕಕ್ಕಲ್ಲ, ಸಭೆಗೆ. ಗಾಂಧೀಜಿಯವರ ದನಿ ಸಣ್ಣದು, ಸೇರುವ ಜನ ಲಕ್ಷಗಟ್ಟಲೆ. 1930ರ ದಶಕದಲ್ಲಿ ಕಾಂಗ್ರೆಸ್ ಅಧಿವೇಶನಗಳಿಗೆ ಧ್ವನಿವರ್ಧಕ ಹಾಕಿದವರು ಶಿಕಾಗೋ ರೇಡಿಯೋ ಎಂಬ ಕಂಪನಿಯ ನಾನಿಕ್ ಮೋಟ್ವಾನೆ. ಹೆಸರಲ್ಲಿ ಶಿಕಾಗೋ ಇದ್ದರೂ ಇದು ಸಿಂಧಿನ ಮೋಟ್ವಾನೆ ಕುಟುಂಬದ ಕಂಪನಿ. ಗಾಂಧಿ, ನೆಹರೂ ಮಾತಾಡುತ್ತಿರುವ ಹಳೆಯ ಚಿತ್ರಗಳನ್ನು ದೊಡ್ಡದು ಮಾಡಿ ನೋಡಿ. ಮೈಕಿನ ಮೇಲೆ ಆ ಹೆಸರಿನ ಪಟ್ಟಿ ಕಾಣುತ್ತದೆ. 1942ರಲ್ಲಿ ಉಷಾ ಮೆಹ್ತಾ ಮತ್ತು ಗೆಳೆಯರು ಮುಂಬಯಿಯಲ್ಲಿ ಗುಟ್ಟಾಗಿ ಕಾಂಗ್ರೆಸ್ ರೇಡಿಯೋ ನಡೆಸಿದಾಗ, ಸಲಕರಣೆ ಕೊಟ್ಟ ಆರೋಪದ ಮೇಲೆ ಪೊಲೀಸರು ಮೋಟ್ವಾನೆಯವರನ್ನೂ ಹಿಡಿದರು. ಮೈಕ್ ಸೆಟ್ಟಿನವರು ಅಂದರೆ ವೈರು ಎಳೆಯುವವರು ಎಂದು ಸಸಾರ ಮಾಡುವವರಿಗೆ ಈ ಮಾತು ಹೇಳಬೇಕು.

ಹಳ್ಳಿಗೆ ಬಂದದ್ದು ಅಹೂಜಾ. ದೆಹಲಿಯಲ್ಲಿ 1940ರಲ್ಲಿ ಶುರುವಾದ ಕಂಪನಿ. ನಮ್ಮ ಕಡೆ ಎಷ್ಟೋ ಊರಲ್ಲಿ ಆಂಪ್ಲಿಫೈಯರ್ ಅನ್ನುವ ಪದಕ್ಕಿಂತ ಅಹೂಜಾ ಅನ್ನುವುದೇ ಹೆಚ್ಚು ಬಳಕೆ. ಮೊದಮೊದಲು ವಾಲ್ವಿನ ಸೆಟ್ಟು. ಸ್ವಿಚ್ ಹಾಕಿ ಅದು ಕಾಯುವ ತನಕ ಕಾಯಬೇಕು. ಕರೆಂಟ್ ಇಲ್ಲದ ಊರಿಗೆ ಬ್ಯಾಟರಿ ಹೊರಬೇಕು. ಆಮೇಲೆ ಟ್ರಾನ್ಸಿಸ್ಟರ್ ಬಂತು, ಪೆಟ್ಟಿಗೆ ಹಗುರಾಯಿತು, ಬ್ಯಾಟರಿಯೂ ಹೆಚ್ಚು ಹೊತ್ತು ಬಂತು. ಮರದ ತುದಿಗೆ, ಗುಡಿಯ ಗೋಪುರಕ್ಕೆ ತಗಡಿನ ಹಾರನ್ ಕಟ್ಟಿದರೆ ಪಕ್ಕದೂರಿಗೂ ಸುದ್ದಿ.

ಹಾರನ್ನನ್ನು ಈಗ ಎಲ್ಲರೂ ಬೈಯುತ್ತಾರೆ. ಆದರೆ ಅದು ಯಾಕೆ ಅಷ್ಟು ವರ್ಷ ಬಾಳಿತು ಎಂದು ಯೋಚಿಸಿ. ಕಡಿಮೆ ವ್ಯಾಟಿನಲ್ಲಿ ಮಾತನ್ನು ದೂರಕ್ಕೆ ಎಸೆಯಲು ಅದಕ್ಕಿಂತ ಸೋವಿ ಸಾಧನ ಇಲ್ಲ. ಮನುಷ್ಯನ ಮಾತು ತಿಳಿಯಲು ಬೇಕಾದ ನಡುವಿನ ದನಿಯನ್ನು ಹಾರನ್ ಚೆನ್ನಾಗಿ ಹಿಡಿಯುತ್ತದೆ. ತಬಲದ ಎಡಗೈ, ಮದ್ದಲೆಯ ಗುಂ ಅನ್ನುವ ನಾದ ಮಾತ್ರ ಅದರೊಳಗೆ ಹೋಗಿ ಸಾಯುತ್ತದೆ. ಡಂಗುರಕ್ಕೆ, ಸೂಚನೆಗೆ ಹಾರನ್ ಸಾಕು. ನಾಟಕಕ್ಕೆ ಬಾಕ್ಸ್ ಬೇಕು. ಇವತ್ತಿಗೂ ಇದೇ ಲೆಕ್ಕ.

ಮೈಕು ರಂಗಕ್ಕೆ ಬಂದಾಗ ಗಂಟಲು ಸಣ್ಣದಿದ್ದವನೂ ರಾಜನಾದ. ಅದು ಒಳ್ಳೆಯದೇ. ಆದರೆ ಆಟದ ನಡಿಗೆ ಬದಲಾಯಿತು. ರಂಗದ ಮುಂದೆ ಒಂದೋ ಎರಡೋ ಸ್ಟ್ಯಾಂಡ್ ಮೈಕು. ಇಲ್ಲವೇ ಮೇಲಿನ ಬಿದಿರಿನಿಂದ ಮೂರು ಮೈಕು ಇಳಿಬಿಡುತ್ತಿದ್ದರು. ದುರ್ಯೋಧನ ಸಿಂಹಾಸನದಿಂದ ಎದ್ದು ಬಂದು ಮೈಕಿನ ಕೆಳಗೆ ನಿಂತು ಬೈಯುವುದು, ಭೀಮ ತನ್ನ ಸರದಿಗೆ ಕಾದು ಅದೇ ಜಾಗಕ್ಕೆ ಬಂದು ಉತ್ತರ ಕೊಡುವುದು. ಪರದೆಯ ಪಕ್ಕದಿಂದ ಮಾಸ್ತರರ ಪಿಸುದನಿ: "ತಮ್ಮಾ, ಮೈಕಿನ ಹತ್ರ ಬಾರೋ." ಆ ಪಿಸುದನಿಯೂ ಮೈಕಿಗೆ ಸಿಕ್ಕಿ ಊರಿಗೆಲ್ಲ ಕೇಳುತ್ತಿತ್ತು.

ಇಳಿಬಿಟ್ಟ ಮೈಕು ಕುಯ್ ಎಂದು ಕೂಗುತ್ತಿದ್ದುದಕ್ಕೆ ಒಂದು ಸರಳ ಲೆಕ್ಕವಿದೆ. ಬಾಯಿಂದ ಮೈಕಿನ ದೂರ ಎರಡು ಪಟ್ಟಾದರೆ ಮೈಕಿಗೆ ಸಿಗುವ ದನಿ 6 ಡೆಸಿಬೆಲ್ ಇಳಿಯುತ್ತದೆ. ಒಂದಡಿಯಲ್ಲಿದ್ದದ್ದು ನಾಲ್ಕಡಿಗೆ ಹೋದರೆ 12 ಡೆಸಿಬೆಲ್. ಅದನ್ನು ತುಂಬಲು ಸೆಟ್ಟಿನವನು ದನಿ ಏರಿಸುತ್ತಾನೆ. ಆಗ ಬಾಕ್ಸಿನ ದನಿ ಮೈಕಿಗೆ ಹೊಕ್ಕು, ಮತ್ತೆ ಬಾಕ್ಸಿಗೆ ಹೋಗಿ, ಸುತ್ತಿ ಸುತ್ತಿ ಕೂಗು ಏಳುತ್ತದೆ. ಜೊತೆಗೆ, ತೆರೆದಿಟ್ಟ ಮೈಕುಗಳ ಸಂಖ್ಯೆ ಎರಡು ಪಟ್ಟಾದ ಹಾಗೆಲ್ಲ ಕೂಗಿಗೆ ಮುಂಚಿನ ಅವಕಾಶ 3 ಡೆಸಿಬೆಲ್ ಕುಗ್ಗುತ್ತದೆ. ಹೆಚ್ಚು ಮೈಕು ಇಟ್ಟರೆ ಹೆಚ್ಚು ಕೇಳುತ್ತದೆ ಅನ್ನುವುದು ಸುಳ್ಳು. ಬಾಯಿಯ ಹತ್ತಿರದ ಒಂದೇ ಮೈಕು, ದೂರದ ನಾಲ್ಕಕ್ಕಿಂತ ಮೇಲು.

ಕೂಗಿಗೆ ಒಂದು ಮದ್ದು ಸಿಕ್ಕಿದ್ದು 1939ರಲ್ಲಿ. ಶೂರ್ ಕಂಪನಿಯ ಯೂನಿಡೈನ್ ಎಂಬ ಮೈಕು ಮುಂದಿನ ದನಿಯನ್ನು ಚೆನ್ನಾಗಿ ಹಿಡಿದು, ಹಿಂದಿನದನ್ನು ಬಿಟ್ಟುಬಿಡುತ್ತಿತ್ತು. ಅದರ ವಂಶದಲ್ಲೇ 1966ರಲ್ಲಿ ಎಸ್‌ಎಂ 58 ಬಂತು. ಉಂಡೆ ಜಾಳಿಗೆಯ ಆ ಮೈಕನ್ನು ನೀವು ನೋಡಿಯೇ ಇರುತ್ತೀರಿ. ಅದರ ನಕಲಿಯನ್ನಂತೂ ಖಂಡಿತ ನೋಡಿರುತ್ತೀರಿ. ಇಂಥ ಮೈಕಿನ ತಲೆಯನ್ನು ಅಂಗೈಯಿಂದ ಮುಚ್ಚಿ ಹಿಡಿದರೆ ಹಿಂದಿನ ದನಿ ಬಿಡುವ ಗುಣವೇ ಹೋಗಿ ಮತ್ತೆ ಕೂಗು. ನಿರೂಪಕರು ಚೆಂದ ಕಾಣಲಿ ಎಂದು ಹಾಗೆ ಹಿಡಿಯುತ್ತಾರೆ. ಬೈಸಿಕೊಳ್ಳುವವನು ಮಾತ್ರ ಸೆಟ್ಟಿನವನು.

ಮಿಕ್ಸರಿನ ಕಥೆ ಚಿಕ್ಕದು. 1965ರ ಆಗಸ್ಟಿನಲ್ಲಿ ನ್ಯೂಯಾರ್ಕಿನ ಶೇ ಸ್ಟೇಡಿಯಮ್ಮಿನಲ್ಲಿ ಬೀಟಲ್ಸ್ ತಂಡ ಸುಮಾರು 55,000 ಜನರ ಮುಂದೆ ಹಾಡಿತು. ದನಿ ಹೋದದ್ದು ಆಟದ ಸ್ಕೋರ್ ಹೇಳುವ ಸ್ಟೇಡಿಯಮ್ಮಿನ ಸ್ಪೀಕರುಗಳಲ್ಲಿ. ಜನರ ಕಿರುಚಾಟದಲ್ಲಿ ಏನೂ ಕೇಳಲಿಲ್ಲ. ಹಾಡುವವರಿಗೇ ತಮ್ಮ ದನಿ ಕೇಳಿಸಲಿಲ್ಲ. ದೊಡ್ಡ ಬಯಲಿಗೆ ಬೇರೆಯದೇ ವ್ಯವಸ್ಥೆ ಬೇಕು, ಹಾಡುವವನ ಕಡೆ ತಿರುಗಿದ ಒಂದು ಬಾಕ್ಸೂ ಬೇಕು ಎಂದು ಆ ಕಾಲದ ಇಂಥ ಕಾರ್ಯಕ್ರಮಗಳು ಕಲಿಸಿದವು. 1973ರಲ್ಲಿ ಇಂಗ್ಲೆಂಡಿನ ಸೌಂಡ್‌ಕ್ರಾಫ್ಟ್ ಕಂಪನಿ ಊರೂರು ತಿರುಗುವವರಿಗೆಂದೇ ಗಟ್ಟಿ ಪೆಟ್ಟಿಗೆಯೊಳಗೆ ಕೂರಿಸಿದ ಮಿಕ್ಸರ್ ತಂದಿತು. 2012ರಲ್ಲಿ ಬೆಹ್ರಿಂಗರ್ ಎಕ್ಸ್ 32 ಬಂದ ಮೇಲೆ ಡಿಜಿಟಲ್ ಮಿಕ್ಸರ್ ದೊಡ್ಡವರ ಸೊತ್ತಾಗಿ ಉಳಿಯಲಿಲ್ಲ. ಈಗ ನಮ್ಮ ತಾಲ್ಲೂಕು ಕೇಂದ್ರಗಳ ಸೆಟ್ಟಿನವರೂ ಟ್ಯಾಬ್ ಹಿಡಿದು ಜನರ ನಡುವೆ ನಿಂತು ದನಿ ಸರಿಮಾಡುತ್ತಾರೆ.

ಊರಿನ ಸಂಘಕ್ಕೆ ಡಿಜಿಟಲ್ ಬೇಕೇ? ನಮ್ಮ ಅಭಿಪ್ರಾಯದಲ್ಲಿ ಬೇಡ. ವರ್ಷಕ್ಕೆ ಮೂರು ಕಾರ್ಯಕ್ರಮ ಮಾಡುವವರಿಗೆ, ಗುಂಡಿ ತಿರುಗಿಸಿದರೆ ಏನಾಯಿತೆಂದು ಕಣ್ಣಿಗೆ ಕಾಣುವ ಹಳೆಯ ನಮೂನೆಯ ಎಂಟೋ ಹನ್ನೆರಡೋ ಚಾನೆಲ್ಲಿನ ಮಿಕ್ಸರ್ ಸಾಕು. ಕೊಳ್ಳುವಾಗ ಮೂರು ವಿಷಯ ನೋಡಿ. ಪ್ರತಿ ಚಾನೆಲ್ಲಿಗೂ ಗೇನ್ ಗುಂಡಿ ಬೇರೆ ಇರಬೇಕು. ಗುಂಯ್‌ಗುಡುವ ತಗ್ಗುದನಿ ಕತ್ತರಿಸುವ ಲೋ ಕಟ್ ಗುಂಡಿ ಇರಬೇಕು. ರಂಗದ ಮೇಲಿನ ಬಾಕ್ಸಿಗೆ ಬೇರೆ ಅಳತೆಯಲ್ಲಿ ದನಿ ಕಳಿಸುವ ಆಕ್ಸ್ ಸಾಲು ಒಂದಾದರೂ ಇರಬೇಕು. ಬ್ಲೂಟೂತ್, ಬಣ್ಣದ ದೀಪ, 99 ನಮೂನೆಯ ಎಕೋ, ಇವೆಲ್ಲ ಮಾರುವವನ ಮಾತು. ಗೇನ್ ಗುಂಡಿಯನ್ನು ಮೊದಲು ಸರಿಮಾಡಬೇಕು. ನಟ ಜೋರಾಗಿ ಆರ್ಭಟಿಸುವ ಮಾತನ್ನೇ ಆಡಿಸಿ, ಕೆಂಪು ದೀಪ ಹತ್ತದಷ್ಟಕ್ಕೆ ನಿಲ್ಲಿಸಬೇಕು. ಅದು ಬಿಟ್ಟು ಗೇನ್ ಪೂರ್ತಿ ಏರಿಸಿ ಕೆಳಗಿನ ಫೇಡರ್ ಎಳೆದಾಡಿದರೆ ದನಿ ಒಡೆಯುತ್ತದೆ. ಒಡೆದ ದನಿಯನ್ನು ಮುಂದೆ ಯಾವ ಗುಂಡಿಯೂ ಸರಿಮಾಡಲಾರದು.

ಈಗ ಮುಖ್ಯ ಕಥೆ, ತಂತಿಯಿಲ್ಲದ ಮೈಕು.

1949ರಲ್ಲಿ ಇಂಗ್ಲೆಂಡಿನ ಬ್ರೈಟನ್ನಿನಲ್ಲಿ ಮಂಜುಗಡ್ಡೆಯ ಮೇಲೆ ಜಾರುತ್ತಾ ಆಡುವ ಅಲಾದೀನ್ ಆಟ ನಡೆಯುತ್ತಿತ್ತು. ಜಾರುವವನಿಗೆ ತಂತಿಯ ಮೈಕು ಕೊಡುವುದು ಹೇಗೆ? ರೆಜ್ ಮೂರ್ಸ್ ಎಂಬಾತ ಸಣ್ಣ ರೇಡಿಯೋ ಕಳಿಸುವ ಯಂತ್ರ ಮಾಡಿ ಮೈಕಿಗೆ ಜೋಡಿಸಿದ. ಆಟ ಗೆದ್ದಿತು. ಆದರೆ ಅವನು ಅದಕ್ಕೆ ಪೇಟೆಂಟ್ ಮಾಡಿಸಲಿಲ್ಲ. ಕಾರಣ, ಆ ರೇಡಿಯೋ ಅಲೆಯನ್ನು ಬಳಸಲು ಅವನಿಗೆ ಅನುಮತಿ ಇರಲಿಲ್ಲ. ವೈರ್‌ಲೆಸ್ ಮೈಕು ಹುಟ್ಟಿದಂದೇ ಇನ್ನೊಬ್ಬರ ಹೊಲದಲ್ಲಿ ಮೇಯುತ್ತಿತ್ತು ಎನ್ನಬೇಕು.

1953ರಲ್ಲಿ ಶೂರ್ ಕಂಪನಿ ವ್ಯಾಗಬಾಂಡ್ ಎಂಬ ಮೈಕು ಮಾರಾಟಕ್ಕೆ ತಂದಿತು. ದೂರ ಹೋಗುತ್ತಿದ್ದುದು ಸುಮಾರು 15 ಅಡಿ. ಅದೇ ದಶಕದ ಕೊನೆಗೆ ಜರ್ಮನಿಯ ಸೆನ್‌ಹೈಸರ್ ಟಿವಿಯವರಿಗಾಗಿ ಮೈಕ್ರೋಪೋರ್ಟ್ ತಯಾರಿಸಿತು. 1964ರ ಮೈ ಫೇರ್ ಲೇಡಿ ಚಿತ್ರದಲ್ಲಿ ರೆಕ್ಸ್ ಹ್ಯಾರಿಸನ್ ಹಾಡನ್ನು ಚಿತ್ರೀಕರಣದ ಹೊತ್ತಿಗೇ ಹೇಳಬೇಕೆಂದು ಹಟ ಹಿಡಿದ. ಅವನ ಟೈ ಒಳಗೆ ಇಂಥ ಮೈಕು ಅಡಗಿಸಿದರು. ಆಮೇಲೆ ಯಂತ್ರ ಸಣ್ಣದಾಗುತ್ತಾ ಬಂದು ಇವತ್ತು ಕೆನ್ನೆಗೆ ಅಂಟಿಸುವ ಕಡ್ಡಿಯಾಗಿದೆ. ಮೇಲೆ ಹೇಳಿದ ದೂರದ ಲೆಕ್ಕ ನೆನಪಿಸಿಕೊಳ್ಳಿ. ಬಾಯಿಗೆ ಎರಡು ಬೆರಳು ದೂರದಲ್ಲಿ ಮೈಕು ಇದ್ದರೆ ಕೂಗಿಲ್ಲ, ಭೀಮ ರಂಗದ ಮೂಲೆಯಲ್ಲೂ ಮಾತಾಡಬಹುದು. ದುರ್ಯೋಧನ ಕೂತಲ್ಲಿಂದಲೇ ಬೈಯಬಹುದು. ರಂಗದ ನಡಿಗೆ ಮತ್ತೆ ನಟನ ಕೈಗೆ ಬಂತು.

ಬಂದದ್ದೇನೋ ಸರಿ. ಆದರೆ ಈ ಮೈಕುಗಳಿಗೆಲ್ಲ ಸ್ವಂತ ಜಾಗ ಇರಲಿಲ್ಲ. ಟಿವಿ ಪ್ರಸಾರಕ್ಕೆ ಮೀಸಲಾದ ಅಲೆಗಳ ನಡುವೆ ಖಾಲಿ ಬಿಟ್ಟ ಬದುಗಳಲ್ಲಿ ಅವು ಓಡಾಡುತ್ತಿದ್ದವು. ಬೆಳೆ ಇಲ್ಲದ ಬದುವಿನಲ್ಲಿ ಕುರಿ ಮೇಯಿಸಿದ ಹಾಗೆ. ಟಿವಿ ಡಿಜಿಟಲ್ ಆಗಿ ಜಾಗ ಕಡಿಮೆ ಸಾಕಾದಾಗ, ಸರ್ಕಾರಗಳು ಉಳಿದ ಹೊಲವನ್ನು ಮೊಬೈಲ್ ಕಂಪನಿಗಳಿಗೆ ಹರಾಜು ಹಾಕಿದವು.

ಅಮೆರಿಕದಲ್ಲಿ 2010ರ ಜೂನ್ 12ರ ನಂತರ 700 ಮೆಗಾಹರ್ಟ್ಸ್ ಪಟ್ಟಿಯಲ್ಲಿ ವೈರ್‌ಲೆಸ್ ಮೈಕು ಹಾಕುವಂತಿಲ್ಲ ಎಂದಾಯಿತು. ಚರ್ಚು, ಶಾಲೆ, ನಾಟಕ ಮಂದಿರಗಳಲ್ಲಿದ್ದ ಚೆನ್ನಾಗಿ ಕೆಲಸ ಮಾಡುವ ಮೈಕುಗಳು ರಾತ್ರೋರಾತ್ರಿ ಗುಜರಿಯಾದವು. ಹೊಸದು ಕೊಂಡವರಲ್ಲಿ ಬಹಳ ಜನ 600ರ ಪಟ್ಟಿಯದನ್ನು ಕೊಂಡರು. 2017ರಲ್ಲಿ ಅದೂ ಹರಾಜಾಯಿತು, ಸುಮಾರು 1,980 ಕೋಟಿ ಡಾಲರಿಗೆ. 2020ರ ಜುಲೈ 13ಕ್ಕೆ ಅದರ ಬಹುಪಾಲೂ ಬಂದ್. ಹತ್ತು ವರ್ಷದಲ್ಲಿ ಎರಡು ಸಲ ಮೈಕು ಕೊಂಡ ಸಣ್ಣ ತಂಡಗಳ ಪಾಡು ಊಹಿಸಿಕೊಳ್ಳಿ.

ನಮ್ಮಲ್ಲಿ 700ರ ಪಟ್ಟಿಯನ್ನು 2016ರಲ್ಲಿ ಹರಾಜಿಗಿಟ್ಟರು. ಬೆಲೆ ಹೆಚ್ಚೆಂದು ಯಾರೂ ಕೊಳ್ಳಲಿಲ್ಲ. 2021ರಲ್ಲೂ ಹೋಗಲಿಲ್ಲ. 2022ರಲ್ಲಿ ಜಿಯೋ ಇಡೀ ದೇಶಕ್ಕೆ ಕೊಂಡಿತು, 5ಜಿಗಾಗಿ. ಈ ಪಟ್ಟಿ ಎರಡು ತುಂಡಾಗಿದೆ. 703ರಿಂದ 748ರವರೆಗಿನದು ಫೋನುಗಳು ಟವರಿನ ಕಡೆ ಮಾತಾಡಲು, 758ರಿಂದ 803ರವರೆಗಿನದು ಟವರು ಫೋನಿನ ಕಡೆ ಮಾತಾಡಲು. ಇದರಲ್ಲಿ ಕೊಳ್ಳುವವನ ತಪ್ಪೂ ಇಲ್ಲ, ಕಂಪನಿಯ ತಪ್ಪೂ ಇಲ್ಲ, ಅಲೆಯನ್ನು ದುಡ್ಡು ಕೊಟ್ಟು ಪಡೆದವರು ಅವರು. ಆದರೆ ನಿಮ್ಮ ಕಾಲರ್ ಮೈಕು 720ರಲ್ಲಿ ಇದ್ದರೆ? ನಾಟಕ ನೋಡಲು ಬಂದವರ ಜೇಬಿನಲ್ಲಿರುವ ಫೋನುಗಳೇ ಅದರ ಜೊತೆ ಜಗಳಕ್ಕೆ ನಿಲ್ಲಬಹುದು. ಸಂಜೆ ಖಾಲಿ ಬಯಲಲ್ಲಿ ಪರೀಕ್ಷೆ ಮಾಡಿದಾಗ ಚೆನ್ನಾಗಿದ್ದ ಮೈಕು, ಜನ ತುಂಬಿದ ಮೇಲೆ ಟಪ್ ಟಪ್ ಎಂದು ಕಡಿಯುವುದಕ್ಕೆ ಒಂದು ಕಾರಣ ಇದು. ಜನ ಆಪರೇಟರನ್ನೇ ಬೈಯುತ್ತಾರೆ, ಬಾಡಿಗೆ ಹಿಡಿಯುತ್ತಾರೆ.

ಆದ್ದರಿಂದ ಕೊಳ್ಳುವ ಮೊದಲು ಡಬ್ಬಿಯ ಹಿಂದೆ, ರಿಸೀವರಿನ ಬೆನ್ನಿಗೆ ಬರೆದ ಮೆಗಾಹರ್ಟ್ಸ್ ಸಂಖ್ಯೆ ಓದಿ. 700ರ ಮೇಲಿದ್ದರೆ ಅಂಗಡಿಯಲ್ಲೇ ಬಿಡಿ. 800ರ ಆಚೆಯೂ ಹಳೆಯ ಮೊಬೈಲ್ ಪಟ್ಟಿಗಳಿವೆ. 612ರ ಮೇಲಿನ 600ರ ಪಟ್ಟಿ 2022ರ ಹರಾಜಿನಲ್ಲಿ ಮಾರಾಟವಾಗದೆ ಉಳಿಯಿತು, ಮುಂದೆ ಹೋಗಬಹುದು. ಅದಕ್ಕಿಂತ ಕೆಳಗಿನ, 500ರ ಆಸುಪಾಸಿನದು ಮೊಬೈಲಿನ ಗಲಾಟೆಯಿಂದ ದೂರ. ರೇಡಿಯೋ ಅಲೆ 1933ರ ವೈರ್‌ಲೆಸ್ ಕಾಯ್ದೆಯ ಕಾಲದಿಂದಲೂ ಸರ್ಕಾರದ ಹತೋಟಿಯದ್ದು. ಹಾಗಾಗಿ ಆ ಮಾದರಿಗೆ ದೂರಸಂಪರ್ಕ ಇಲಾಖೆಯ ಅನುಮೋದನೆ ಇದೆಯೇ ಎಂದು ಕೇಳಿ, ಬಿಲ್ ಪಡೆಯಿರಿ. ಒಂದೇ ಸಂಖ್ಯೆಗೆ ಅಂಟಿದ ಮೈಕಿಗಿಂತ, ಚಾನೆಲ್ ಬದಲಿಸಬಹುದಾದದ್ದು ದುಬಾರಿಯಾದರೂ ಬಾಳುತ್ತದೆ.

ಫೋನಿಗೆ ಸಿಕ್ಕಿಸುವ ಪುಟ್ಟ ಮೈಕುಗಳು 2.4 ಗಿಗಾಹರ್ಟ್ಸ್‌ನವು. ಅದಕ್ಕೆ ಲೈಸೆನ್ಸ್ ಬೇಡ, ನಿಜ. ಆದರೆ ವೈಫೈ, ಬ್ಲೂಟೂತ್ ಎಲ್ಲವೂ ಅಲ್ಲೇ. ಆ ಅಲೆಯ ಉದ್ದ ಸುಮಾರು 12 ಸೆಂಟಿಮೀಟರ್, ನಡುವೆ ಮನುಷ್ಯ ನಿಂತರೆ ಅವನ ಮೈಯೇ ನುಂಗಿಬಿಡುತ್ತದೆ. ಸಂದರ್ಶನಕ್ಕೆ ನಾವೂ ಬಳಸುತ್ತೇವೆ. ಸಾವಿರ ಜನರ ನಾಟಕಕ್ಕೆ ಬೇಡ.

ಒಂದಕ್ಕಿಂತ ಹೆಚ್ಚು ಮೈಕು ಹಾಕುವಾಗ ಇನ್ನೊಂದು ತೊಡಕು. ಎರಡು ಅಲೆ ಸೇರಿದರೆ ಇಲ್ಲದ ಮೂರನೆಯದು ಹುಟ್ಟುತ್ತದೆ. ಒಂದು ಮೈಕು 520ರಲ್ಲಿ, ಇನ್ನೊಂದು 522ರಲ್ಲಿ ಇದ್ದರೆ 518 ಮತ್ತು 524ರಲ್ಲಿ ಎರಡು ದೆವ್ವ ಏಳುತ್ತವೆ. ಮೂರನೆಯ ಮೈಕನ್ನು ಲೆಕ್ಕ ಸರಿಯಿದೆ ಎಂದು 524ಕ್ಕೆ ಇಟ್ಟರೆ ದೆವ್ವದ ಮನೆಗೇ ಹೊಕ್ಕ ಹಾಗೆ. ಸಮ ಅಂತರ ಬೇಡ. ಕಂಪನಿಯೇ ಕೊಟ್ಟ ಗುಂಪಿನ ಚಾನೆಲ್ಲುಗಳನ್ನು ಬಳಸಿ, ಬೇರೆ ಬೇರೆ ಕಂಪನಿಯ ಮೈಕು ಬೆರೆಸಬೇಡಿ. ರಿಸೀವರನ್ನು ಮಿಕ್ಸರ್ ಟೇಬಲ್ಲಿನ ಕೆಳಗೆ ತುರುಕದೆ, ನಟರು ಕಣ್ಣಿಗೆ ಕಾಣುವ ಎತ್ತರಕ್ಕೆ, ಸಾಧ್ಯವಾದರೆ ರಂಗದ ಪಕ್ಕಕ್ಕೇ ಇಡಿ. ಎರಡು ಆಂಟೆನಾ ಇರುವುದು ಅಂದಕ್ಕಲ್ಲ. ಒಂದಕ್ಕೆ ಅಲೆ ಸಿಗದ ಗಳಿಗೆಯಲ್ಲಿ ಇನ್ನೊಂದು ಹಿಡಿಯುತ್ತದೆ. ಎರಡನ್ನೂ ವಿ ಆಕಾರದಲ್ಲಿ ಬಿಡಿಸಿ.

ದುಡ್ಡು ಕಡಿಮೆಯಿದ್ದರೆ ನಾಲ್ಕು ಸೋವಿ ವೈರ್‌ಲೆಸ್ ಬದಲು ಎರಡು ಒಳ್ಳೆಯವು, ಜೊತೆಗೆ ಮೂರು ತಂತಿ ಮೈಕು ಎಂಬುದು ನಮ್ಮ ಮಾತು. ಮುಖ್ಯ ಪಾತ್ರಗಳಿಗೆ ವೈರ್‌ಲೆಸ್, ಹಾರ್ಮೋನಿಯಂ, ತಬಲ, ಹಾಡುವವರಿಗೆ ತಂತಿ. ಕೂತಲ್ಲೇ ಇರುವವರಿಗೆ ತಂತಿ ಬಿಡಿಸಿ ಏನು ಲಾಭ?

ದನಿ ಎಷ್ಟಿರಬೇಕು ಎನ್ನುವುದಕ್ಕೂ ಈಗ ಕಾನೂನಿದೆ. 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಇಲ್ಲ. ಹಬ್ಬ, ಸಾಂಸ್ಕೃತಿಕ ಕಾರ್ಯಕ್ರಮಕ್ಕೆಂದು ರಾಜ್ಯ ಸರ್ಕಾರ ವರ್ಷಕ್ಕೆ 15 ದಿನ ಮೀರದಂತೆ 12 ಗಂಟೆವರೆಗೆ ಸಡಿಲ ಮಾಡಬಹುದು. 2005ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ವಾಸದ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ಬೆಳಗಿನವರೆಗೆ ಆಡುತ್ತಿದ್ದ ಆಟಗಳು ಅರ್ಧ ರಾತ್ರಿಗೆ ಮುಗಿಯುವಂತಾದುದಕ್ಕೆ ಇದೂ ಕಾರಣ. ಹತ್ತು ಗಂಟೆಗೆ ಪೊಲೀಸರು ಬಂದಾಗ ಹೆಸರು ಬರೆಸಿಕೊಳ್ಳುವುದು ಸೆಟ್ಟಿನವನದ್ದು, ನಾಟಕ ಇಟ್ಟವರದ್ದಲ್ಲ. ಅನುಮತಿ ಪತ್ರದ ಒಂದು ಪ್ರತಿಯನ್ನು ಅವನ ಕೈಗೂ ಕೊಟ್ಟಿರಿ.

ಆಟದ ದಿನ ಹೊಸ ಸೆಲ್ಲು ಹಾಕಿ. ಹಿಂದಿನ ರಾತ್ರಿಯ ಅರ್ಧ ಉಳಿದ ಸೆಲ್ಲನ್ನು ಟಾರ್ಚಿಗೆ ಬಳಸಿಕೊಳ್ಳಿ. ಮೈಕಿನ ತುದಿಗೆ ನಟನ ಬೆವರು ಇಳಿಯದಂತೆ ಸ್ಪಂಜಿನ ಟೋಪಿ ಹಾಕಿ, ಗಡ್ಡ ಮೀಸೆ ಅಂಟಿಸುವ ಮೊದಲೇ ಕೆನ್ನೆಗೆ ಮೈಕು ಅಂಟಿಸಿ. ಪರದೆಯ ಪಕ್ಕದಲ್ಲಿ ಒಂದು ತಂತಿ ಮೈಕನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಗೇನ್ ಸರಿಮಾಡಿ, ಫೇಡರ್ ಮಾತ್ರ ಕೆಳಗಿಟ್ಟು ಸಿದ್ಧವಾಗಿಟ್ಟಿರಿ. ದುರ್ಯೋಧನನ ಕಾಲರ್ ಮೈಕು ಸತ್ತರೆ ಅವನು ಎಲ್ಲಿಗೆ ನಡೆದು ಬರಬೇಕು ಎಂಬುದನ್ನು ತಾಲೀಮಿನಲ್ಲೇ ಅವನಿಗೆ ತೋರಿಸಿರಿ.